ಬಾಯ್ಲರಿನವನ ನಿದ್ದೆ

ಮನುಷ್ಯ ಬರೆಯುವಾಗ ಸುಮ್ಮನಿರುತ್ತಾನೆ ಎಂಬುದು ಪಕ್ಕದಲ್ಲಿ ಕೂತವರ ಭ್ರಮೆ. ಒಳಗೆ ಅವನು ಮಾತಾಡುತ್ತಲೇ ಇರುತ್ತಾನೆ. ಕೈ ಒಂದು ಪದವನ್ನು ಕಾಗದಕ್ಕೆ ಇಳಿಸುವ ಮುನ್ನ ಗಂಟಲಿನ ಸಣ್ಣ ಸ್ನಾಯುಗಳು ಅದನ್ನು ಒಮ್ಮೆ ಆಡಿ ನೋಡಿರುತ್ತವೆ. ಸದ್ದು ಮಾತ್ರ ಹೊರಗೆ ಬರುವುದಿಲ್ಲ. ಇದು ವಿಜ್ಞಾನಿಗಳಿಗೆ ಬಹಳ ಹಿಂದೆಯೇ ಗೊತ್ತಿದ್ದ ಸಂಗತಿ. ಇದರಿಂದ ಯಾರಿಗೂ ಉಪಯೋಗವಿರಲಿಲ್ಲ, ಹಾಗಾಗಿ ಯಾರಿಗೂ ತೊಂದರೆಯೂ ಇರಲಿಲ್ಲ.

ತೊಂದರೆ ಬಂದದ್ದು ವಿಶ್ವವಿದ್ಯಾಲಯದ ಕಡೆಯಿಂದ. ಅದು ಪ್ರಬಂಧಗಳನ್ನು ಯಂತ್ರಗಳು ಬರೆದು, ಯಂತ್ರಗಳೇ ತಿದ್ದಿ, ವಿದ್ಯಾರ್ಥಿಗಳೂ ಅಧ್ಯಾಪಕರೂ ನಡುವೆ ಚಹಾ ಕುಡಿಯುತ್ತಿದ್ದ ಕಾಲ. ಕೆಲವು ವರ್ಷ ಈ ಸುಖ ನಡೆದ ಮೇಲೆ, ಪದವೀಧರರಿಗೆ ರಜೆಯ ಅರ್ಜಿ ಬರೆಯಲೂ ಬರುವುದಿಲ್ಲವೆಂಬ ದೂರು ಬಂದಿತು. ದೂರನ್ನು ಬರೆದದ್ದೂ ಯಂತ್ರವೇ ಎಂದು ಬಲ್ಲವರು ಹೇಳುತ್ತಿದ್ದರು. ಅಂತೂ ಬರೆದವನು ಮನುಷ್ಯನೇ ಎಂದು ಖಾತ್ರಿಪಡಿಸಲು ದನಿಪಟ್ಟಿ ಬಂತು. ಎರಡು ಬೆರಳಗಲದ ಮೆತ್ತನೆಯ ಪಟ್ಟಿ. ಕೊರಳಿಗೆ ಕಟ್ಟಿಕೊಂಡು ಬರೆಯಬೇಕು. ಗಂಟಲಿನ ಮಿಡಿತವೂ ಕೈಯ ಬರಹವೂ ತಾಳೆಯಾದರೆ ಮಾತ್ರ ವಾಕ್ಯ ಲೆಕ್ಕಕ್ಕೆ.

ಅದನ್ನು ಮಾಡಿದ ಎಂಜಿನಿಯರುಗಳು ಎಣಿಸದೇ ಇದ್ದದ್ದು ಒಂದಿತ್ತು. ಯಾರಿಂದ ಒಂದು ಮಾತನ್ನು ಕಲಿತಿರುತ್ತೇವೋ ಅವರ ರೀತಿಯಲ್ಲೇ ಗಂಟಲು ಅದನ್ನು ಇಟ್ಟುಕೊಂಡಿರುತ್ತದೆ. ಅವರು ಎಲ್ಲಿ ಉಸಿರು ಎಳೆದರೋ, ಎಲ್ಲಿ ಒತ್ತಿದರೋ, ಎಲ್ಲಿ ತಡೆದರೋ ಎಲ್ಲ ಹಾಗೆಯೇ. ಪಟ್ಟಿ ಅದನ್ನೂ ಹಿಡಿಯಿತು. ಹಿಡಿದದ್ದನ್ನು ಸ್ಪೀಕರಿಗೆ ಜೋಡಿಸಿದರೆ ಆ ಮನುಷ್ಯನ ದನಿಯೇ ಬರುತ್ತಿತ್ತು.

ಸಿದ್ದನಗಡದ ಕಾಲೇಜಿಗೆ ಪಟ್ಟಿಗಳು ಬಂದ ದಿನ ‘ಸಂಶೋಧನೆ ಮತ್ತು ವಿಶ್ಲೇಷಣಾತ್ಮಕ ಬರವಣಿಗೆ’ಯ ತರಗತಿ ದನಿಕೋಣೆಯಲ್ಲಿ ನಡೆಯಿತು. ಹಳೇ ಭೌತಶಾಸ್ತ್ರದ ಲ್ಯಾಬಿಗೆ ಬಣ್ಣ ಬಳಿದು ದನಿಕೋಣೆ ಎಂದು ಕರೆದಿದ್ದರು. ಯಂತ್ರ ನೋಡಿಕೊಳ್ಳುವ ದಸ್ತಗೀರ ಒಬ್ಬೊಬ್ಬರ ಕೊರಳಿಗೂ ಪಟ್ಟಿ ಕಟ್ಟುತ್ತ ಬಂದ.

“ದಸ್ತಗೀರಣ್ಣ, ಕಟ್ಟಿದ ಮ್ಯಾಲೆ ಹುಲ್ಲು ಹಾಕ್ತೀರೇನು?” ಎಂದ ಹಿಂದಿನ ಬೆಂಚಿನ ಈರಪ್ಪ.

“ಮೊದಲು ಹಾಲು ಕೊಡಪಾ, ಆಮ್ಯಾಲೆ ಹುಲ್ಲು,” ಎಂದ ದಸ್ತಗೀರ, ಬಕಲು ಬಿಗಿಯುತ್ತ.

ಎರಡನೇ ಬೆಂಚಿನಲ್ಲಿದ್ದ ಸಿಂಚನಾ ಬಡಿಗೇರ ನಕ್ಕಳು. ನಕ್ಕದ್ದೂ ಪರದೆಯ ಮೇಲೆ ಒಂದು ಗೆರೆಯಾಗಿ ಹಾರಿತು. ಅದನ್ನು ಕಂಡು ನಗು ನಿಲ್ಲಿಸಿದಳು.

ನೀಲಾಂಬಿಕಾ ಮೇಡಂ ವಿಷಯ ಕೊಟ್ಟರು: ಪರೀಕ್ಷೆಗೆ ಬಾಯಿಪಾಠ ಒಳ್ಳೆಯದೋ ಕೆಟ್ಟದ್ದೋ, ಒಂದು ಪ್ಯಾರಾ. ನಲವತ್ತು ಜನ ಬರೆದರು. ಪರದೆಯ ಮೇಲೆ ಸ್ವಂತ ದನಿಯ ವಾಕ್ಯ ಹಸಿರು, ಪರರದ್ದು ಕೆಂಪು, ಯಾರದೆಂದು ಯಂತ್ರಕ್ಕೆ ಗೊತ್ತಾಗದ್ದು ಬೂದು. ಅಲ್ಲಲ್ಲಿ ತಾಯಂದಿರು, ಟ್ಯೂಷನ್ ಮಾಸ್ತರರು, ಒಬ್ಬ ಕ್ರಿಕೆಟ್ ವೀಕ್ಷಕ ವಿವರಣೆಕಾರ. ವಿಚಿತ್ರವೆಂದರೆ ಪ್ಯಾರಾ ಮುಗಿಯುವ ಕಡೆ, ತೀರ್ಮಾನದ ಸಾಲಿನಲ್ಲಿ, ಎಲ್ಲರದೂ ಕೆಂಪು. ಎಲ್ಲರಿಗೂ ಒಂದೇ ಕೆಂಪು.

ದಸ್ತಗೀರ ಈರಪ್ಪನ ಕೊನೆಯ ಸಾಲನ್ನು ಸ್ಪೀಕರಿಗೆ ಹಾಕಿದ. ಈರಪ್ಪನ ಒಡಕಲು ಗಂಟಲಿನಿಂದ ಬಂದದ್ದು ನಿಧಾನವಾದ, ತೂಕದ, ವಯಸ್ಸಾದ ಗಂಡಸಿನ ದನಿ: “ಆದ್ದರಿಂದ...” ಆಮೇಲೆ ಒಂದು ಸಣ್ಣ ಕೆಮ್ಮು. ಆಮೇಲೆ ತೀರ್ಮಾನ. ಮುಂದಿನ ಬೆಂಚಿನ ಮಧುರಾಳದ್ದು ಹಾಕಿದ. ಅದೇ ದನಿ, ಅದೇ ಕೆಮ್ಮು. ಸಿಂಚನಾಳದ್ದೂ ಹಾಗೆಯೇ. ತನ್ನ ಕೊರಳಿಂದ ಬಂದ ಆ ಕೆಮ್ಮನ್ನು ಕೇಳಿ ಅವಳಿಗೆ ಯಾರೋ ತನ್ನ ಬಚ್ಚಲಿನ ಕದ ತೆಗೆದಂತಾಯಿತು.

ನೀಲಾಂಬಿಕಾ ಮೇಡಂ ಕುರ್ಚಿಯಿಂದ ಎದ್ದು ನಿಂತಿದ್ದರು. ಸೆರಗು ಹೊದ್ದು, ಕೈಕಟ್ಟಿ, ತರಗತಿಗೆ ಮೇಷ್ಟ್ರು ಬಂದಾಗ ಹುಡುಗಿಯರು ನಿಲ್ಲುವ ಹಾಗೆ.

“ಡಂಬಳ ಸರ್,” ಎಂದರು.

ಡಂಬಳ ಸರ್ ಈ ಕಾಲೇಜಿನಲ್ಲಿ ಮೂವತ್ತು ವರ್ಷ ನೋಟ್ಸ್ ಬರೆಸಿದವರು. ಪಾಠ ಮಾಡಿದವರು ಎಂದೂ ಹೇಳಬಹುದು, ಆದರೆ ಸಿದ್ದನಗಡದಲ್ಲಿ ಪಾಠ ಮಾಡುವುದೆಂದರೆ ಬರೆಸುವುದೇ. ಮೇಷ್ಟ್ರು ಒಂದೊಂದು ವಾಕ್ಯವನ್ನೂ ಎರಡೆರಡು ಸಲ ಹೇಳುತ್ತಾರೆ, ‘ಹೊಸಾ ಪ್ಯಾರಾ’ ಎನ್ನುತ್ತಾರೆ, ವಿದ್ಯಾರ್ಥಿಗಳು ತಲೆ ಬಗ್ಗಿಸುತ್ತಾರೆ. ತಲೆ ಎತ್ತಿದರೆ ಒಂದು ಸಾಲು ತಪ್ಪುತ್ತದೆ, ಹಾಗಾಗಿ ಯಾರೂ ಎತ್ತುವುದಿಲ್ಲ. ಸರ್ ತೀರಿಕೊಂಡು ವರ್ಷಗಳಾಗಿದ್ದವು. ಈ ನಲವತ್ತು ಜನರಲ್ಲಿ ಯಾರೂ ಅವರನ್ನು ಕಂಡವರಲ್ಲ. ಆದರೆ ಇವರ ಮಾಸ್ತರರು, ಅಕ್ಕಂದಿರು, ಸೋದರಮಾವಂದಿರು ಎಲ್ಲ ಅವರ ಶಿಷ್ಯರು. ನಿವೃತ್ತಿಗೆ ಮುಂಚೆ ಕಾಲೇಜು ಧ್ವನಿಮುದ್ರಿಸಿಟ್ಟಿದ್ದ ಅವರ ಪಾಠಗಳಿಂದ ಯಂತ್ರ ಅವರನ್ನು ಗುರುತಿಸಿತ್ತು.

“ಸತ್ತು ಎಷ್ಟೋ ವರ್ಷ ಆತು, ಇನ್ನೂ ಪಿರಿಯಡ್ ಬಿಟ್ಟಿಲ್ಲ ನೋಡ್ರಿ,” ಎಂದ ದಸ್ತಗೀರ.

ಮೇಡಂಗೆ ಮೊದಲು ಬಂದದ್ದು ಹೆಮ್ಮೆ. ಎಂಥಾ ಗುರುಗಳು ಎಂದು ಸ್ಟಾಫ್ ರೂಮಿನಲ್ಲಿ ಎರಡು ದಿನ ಹೇಳಿಕೊಂಡರು. ಮೂರನೆಯ ದಿನ ವಿಶ್ವವಿದ್ಯಾಲಯದ ಸುತ್ತೋಲೆ ಬಂತು. ಪರರ ದನಿಯ ವಾಕ್ಯಕ್ಕೆ ಆ ಪರರು ಯಾರೆಂದು ಆಕರ ಕೊಡಬೇಕು. ಕೊಡದಿದ್ದರೆ ಅದು ಕಳವು. ಇನ್ನು ತೀರ್ಮಾನದ ಸಾಲು ಬರೆಯುವವರ ಸ್ವಂತ ದನಿಯದೇ ಆಗಿರಬೇಕು. ಇಲ್ಲದಿದ್ದರೆ ಅನುತ್ತೀರ್ಣ, ವರ್ಷವೆಲ್ಲ ಮತ್ತೆ ಮೊದಲಿನಿಂದ.

“ಊರಾಗ ಎಲ್ಲಾರೂ ಹೌದನ್ನೋ ಒಂದು ಮಾತು ತಗೊಳ್ರಿ,” ಎಂದರು ಮೇಡಂ ತರಗತಿಯಲ್ಲಿ. “ಅದು ಖರೇನೋ ಸುಳ್ಳೋ ಹುಡುಕ್ರಿ. ನೋಡಿದವರ ಸಾಕ್ಷಿ ಕೊಡ್ರಿ, ಸಂಶೋಧನೆಯ ಮೊದಲ ಪಾಠ ಅದ. ತೀರ್ಮಾನ ನಿಮ್ಮದ ಇರಬೇಕು, ಯಾರದೂ ಅಲ್ಲ. ಹೆಂಗ ಮಾಡಬೇಕಂತ ತಿಳಿಲಿಲ್ಲಂದ್ರ, ಬರಕೋರಿ: ಮಾದರಿ ವಿಶ್ಲೇಷಣೆ.”

ನಲವತ್ತು ತಲೆಗಳು ಬಗ್ಗಿದವು.

ಸಿಂಚನಾಳ ತಾಯಿ ಕಾಳಮ್ಮ ಮನೆಯ ಮುಂದಿನ ಖೋಲಿಯಲ್ಲಿ ರವಿಕೆ ಹೊಲಿಯುತ್ತಿದ್ದಳು. ತಂದೆ ಲಾರಿಗಳ ಬಾಡಿ ಕಟ್ಟುವ ಕೆಲಸಕ್ಕೆ ಹುಬ್ಬಳ್ಳಿಯಲ್ಲಿದ್ದ, ಭಾನುವಾರ ಬರುತ್ತಿದ್ದ. ಮಿಕ್ಕ ದಿನ ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದೇ ಗಂಡಸು. ಸಿಂಚನಾ ರವಿಕೆಗಳಿಗೆ ಹುಕ್ಕು ಹಚ್ಚುತ್ತ ಓದುವವಳು. ಆ ಸಂಜೆ ಮಾದರಿಯನ್ನು ಬಾಯಿಪಾಠ ಮಾಡುತ್ತಿದ್ದಳು.

“ಎಣ್ಣೆ ಗಿರಣಿಯ ಬಾಯ್ಲರ್ ಒಡೆದದ್ದು ನಸುಕಿನಲ್ಲಿ. ನಸುಕಿನಲ್ಲಿ ಮನುಷ್ಯನಿಗೆ ನಿದ್ದೆ ಸಹಜ. ಆ ಹೊತ್ತಿನಲ್ಲಿ ಬಾಯ್ಲರಿನ ಬಳಿ ಇದ್ದವನು ಒಬ್ಬನೇ. ಆದ್ದರಿಂದ ಬಾಯ್ಲರಿನವನ ನಿದ್ದೆಯೇ ದುರಂತಕ್ಕೆ ಕಾರಣ.”

ಇದು ಡಂಬಳ ಸರ್ ರಚಿಸಿದ ಮಾದರಿ. ಅಚ್ಚುಕಟ್ಟಾಗಿತ್ತು, ಎಲ್ಲಿ ಬಡಿದರೂ ಟೊಳ್ಳು ಸದ್ದು ಬರುತ್ತಿರಲಿಲ್ಲ. ವರ್ಷಕ್ಕೆ ನೂರು ಜನ ಬರೆದುಕೊಂಡು, ನೂರು ಜನ ಅದನ್ನು ಮನೆಗೆ ಒಯ್ದು, ಅದು ಊರಿನ ಗಾದೆಯೇ ಆಗಿಹೋಗಿತ್ತು. ಹಾಲು ಉಕ್ಕಿದರೆ ಅತ್ತೆಯರು ಸೊಸೆಯರಿಗೆ “ಏನಬೇ, ಬಾಯ್ಲರಿನಾಂವನ ನಿದ್ದಿ ನಿಂದು?” ಎನ್ನುತ್ತಿದ್ದರು.

ಹೊಲಿಗೆ ಯಂತ್ರ ನಿಂತಿತು.

“ಆ ಬಾಯ್ಲರಿನಾಂವಗ ಹೆಸರಿಲ್ಲೇನು ನಿಮ್ಮ ಪಾಠದಾಗ?” ಎಂದಳು ಕಾಳಮ್ಮ.

“ಇಲ್ಲವಾ. ಮಾದರಿ ಅದು. ಹೆಸರು ಯಾಕ ಬೇಕು?”

“ಫಕ್ಕೀರಪ್ಪ ಕಮ್ಮಾರ ಅಂತ ಅವಗ ಹೆಸರು. ನಮ್ಮಪ್ಪ.”

ಅಜ್ಜ ಕೆಲಸದ ಮೇಲಿದ್ದಾಗ ತೀರಿಕೊಂಡ ಎಂದಷ್ಟೇ ಸಿಂಚನಾಳಿಗೆ ಗೊತ್ತಿತ್ತು. ಎಂಥ ಕೆಲಸ, ಹೇಗೆ ತೀರಿಕೊಂಡ ಎಂದು ಅವಳು ಕೇಳಿರಲಿಲ್ಲ. ಅವಳ ಕೈಯಲ್ಲಿ ಸೂಜಿ ಹಾಗೆಯೇ ನಿಂತಿತು.

“ಮತ್ತ ನೀ ಯಾಕ ಯಾರಿಗೂ ಏನೂ ಅನ್ನಲಿಲ್ಲ?”

“ಏನಂತ ಅನ್ನಲಿ? ನಾ ಅಲ್ಲಿದ್ನೇನು? ಸಣ್ಣಾಕಿ, ಅವ್ವನ ಮಗ್ಗಲಾಗ ಮಲಗಿದ್ದೆ. ಸಪ್ಪಳ ಕೇಳಿ ಎದ್ದೆ.”

“ಅಜ್ಜ ಖರೇ ನಿದ್ದಿ ಮಾಡಿದ್ನೇನವಾ?”

ಕಾಳಮ್ಮ ದಾರ ಕಚ್ಚಿ ಕತ್ತರಿಸಿದಳು. “ಗೊತ್ತಿಲ್ಲ,” ಎಂದಳು.

ಇಲ್ಲ ಎಂದಿದ್ದರೆ ಸಿಂಚನಾ ನಂಬುತ್ತಿದ್ದಳು. ಹೌದು ಎಂದಿದ್ದರೂ ಅತ್ತು ಮುಗಿಸಬಹುದಿತ್ತು. ಗೊತ್ತಿಲ್ಲ ಎಂಬುದು ಗಂಟಲಿನಲ್ಲಿ ಸಿಕ್ಕ ಮೀನಿನ ಮುಳ್ಳಿನಂತೆ ಉಳಿಯಿತು. ಮರುದಿನ ಮೇಡಂ ಮೇಜಿನ ಮುಂದೆ ನಿಂತು ತನ್ನ ಸಂಶೋಧನೆಯ ವಿಷಯ ಹೇಳಿದಳು: ಬಾಯ್ಲರಿನವನು ನಿದ್ದೆ ಮಾಡಿದ್ದನೇ?

“ಅದು ಮಾದರಿ ಅಲ್ಲೇನವಾ?” ಎಂದರು ಮೇಡಂ. “ಮಾದರೀನ ಯಾರರೆ ಪರೀಕ್ಷಾ ಮಾಡ್ತಾರೇನು?”

“ಊರಾಗ ಎಲ್ಲಾರೂ ಹೌದನ್ನೋದು ಅದೊಂದ ಐತ್ರಿ ಮೇಡಂ. ಉಳಿದದ್ದರ ಮ್ಯಾಲೆ ಜಗಳ ಅದಾವು.”

ಮೇಡಂ ಒಪ್ಪಿದರು.

ಗಿರಣಿ ಇದ್ದ ಜಾಗದಲ್ಲಿ ಈಗ ಕಲ್ಯಾಣ ಮಂಟಪವಿತ್ತು. ಬಾಯ್ಲರ್ ಇದ್ದ ಮೂಲೆಯಲ್ಲಿ ಊಟದ ಕೈ ತೊಳೆಯುವ ನಲ್ಲಿಗಳು. ಸಿಂಚನಾ ಅಲ್ಲಿ ಸ್ವಲ್ಪ ಹೊತ್ತು ನಿಂತಳು. ಮದುವೆಗೆ ಬಂದವಳೆಂದು ತಿಳಿದು ಯಾರೋ ಅಕ್ಷತೆ ಕೈಗಿಟ್ಟರು. ಗ್ರಂಥಾಲಯದ ಹಳೇ ಪತ್ರಿಕೆಗಳಲ್ಲಿ ಎರಡು ಸಾಲಿನ ಸುದ್ದಿಯಿತ್ತು: ಸ್ಫೋಟವಾಯಿತು, ಸತ್ತರು. ವಿಚಾರಣೆ ಶುರುವಾಗಿ, ಕೇಳಬೇಕಾದವನೇ ಸತ್ತಿದ್ದರಿಂದ ನಿಂತುಹೋಗಿತ್ತು.

ಉಳಿದಿದ್ದವರು ಗಿರಣಿಯ ಗುಮಾಸ್ತರಾಗಿದ್ದ ಚನ್ನಬಸಯ್ಯನವರು. ತೊಂಬತ್ತರ ಹತ್ತಿರ, ಆದರೆ ನಾಲಿಗೆಗೆ ಇನ್ನೂ ಇಪ್ಪತ್ತೈದು.

“ಅಜ್ಜಾರ, ಬಾಯ್ಲರಿನಾಂವ ನಿದ್ದಿ ಮಾಡಿದ್ದ ಅಂತ ನಿಮಗ ಹೆಂಗ ಗೊತ್ತು?”

“ಅದೇನು ಕೇಳ್ತೀಯವಾ ತಂಗಿ, ಊರಿಗೇ ಗೊತ್ತು.”

“ನೀವು ನೋಡಿದ್ರೇನ್ರಿ?”

“ಛೇ, ಛೇ! ನಾ ಮನ್ಯಾಗ ಮಲಗಿದ್ದೆ.”

“ಮತ್ತ ಯಾರು ನೋಡಿದ್ರು?”

“ಮಾಲಕರು ಹೇಳಿದ್ರು.”

“ಅವರು ಎಲ್ಲಿದ್ರು?”

“ಅವರೂ ಮಲಗಿದ್ರು. ನಸುಕಿನ್ಯಾಗ ಯಾರು ಎದ್ದಿರ್ತಾರವಾ?” ಎಂದು ಚನ್ನಬಸಯ್ಯನವರು ನಕ್ಕರು. ಆಮೇಲೆ ನಗು ನಿಲ್ಲಿಸಿ, ಏನೋ ನೆನಪಾದಂತೆ ಹೇಳಿದರು: “ಉಗಿ ಬಿಡೋ ವಾಲ್ವು ಕೆಟ್ಟಿತ್ತು ಅಂತನೂ ಅಂತಿದ್ರು ಕೆಲವರು.”

ಸಿಂಚನಾ ಹತ್ತಿರ ಸರಿದಳು. “ಅದನ್ನ ನೋಡಿದ್ರೇನ್ರಿ ನೀವು?”

“ಇಲ್ಲವಾ. ಅದನ್ನೂ ಅಂತಿದ್ರು.”

ಬಿಸಿಲಲ್ಲಿ ಮನೆಗೆ ನಡೆಯುತ್ತ ಅವಳು ಲೆಕ್ಕ ಹಾಕಿದಳು. ಮಾಲೀಕರು ಮಲಗಿದ್ದರು, ಗುಮಾಸ್ತರು ಮಲಗಿದ್ದರು, ಊರು ಮಲಗಿತ್ತು. ಡಂಬಳ ಸರ್ ಮಲಗಿದ್ದಿರಲೇಬೇಕು. ಮಲಗಿದ್ದವರೆಲ್ಲ ಸೇರಿ, ಎದ್ದಿರಬೇಕಾಗಿದ್ದ ಒಬ್ಬನ ಮೇಲೆ ನಿದ್ದೆಯ ಅಪವಾದ ಹೊರಿಸಿದ್ದರು. ಇಷ್ಟನ್ನು ಬರೆದರೆ ಸಾಕು, ಪ್ರಬಂಧ ತಾನೇ ನಡೆಯುತ್ತದೆ ಎಂದುಕೊಂಡಳು.

ದನಿಕೋಣೆಯಲ್ಲಿ ಪಟ್ಟಿ ಕಟ್ಟಿಕೊಂಡು ಕೂತು ಬರೆದಳು. ಸಾಕ್ಷಿಗಳ ಭಾಗವೆಲ್ಲ ಹಸಿರು. ದಸ್ತಗೀರ ಬೆನ್ನ ಹಿಂದೆ ನಿಂತು “ಭೇಷ್” ಎಂದ. ತೀರ್ಮಾನಕ್ಕೆ ಬಂದಳು. ‘ಆದ್ದರಿಂದ’ ಎಂದು ಬರೆಯಲು ಪೆನ್ನು ಊರಿದ್ದೇ ತಡ, ಕೈ ಇನ್ನೂ ಅಲುಗಿರಲಿಲ್ಲ, ಪರದೆಯ ಮೇಲೆ ಕೆಂಪು ಓಡಿತು. ಗಂಟಲು ಆಗಲೇ ಪೂರ್ತಿ ವಾಕ್ಯ ಹೇಳಿ ಮುಗಿಸಿತ್ತು: ಬಾಯ್ಲರಿನವನ ನಿದ್ದೆಯೇ ದುರಂತಕ್ಕೆ ಕಾರಣ.

ಅಳಿಸಿದಳು. ಎದ್ದು ನೀರು ಕುಡಿದು ಬಂದು ಕೂತಳು. ಮತ್ತೆ ಕೆಂಪು. ವಾಲ್ವು ಕೆಟ್ಟಿದ್ದೇ ಕಾರಣ ಎಂದು ಬರೆದುಬಿಡೋಣವೆಂದುಕೊಂಡಳು. ಅಜ್ಜ ಅಪವಾದದಿಂದ ಉಳಿಯುತ್ತಾನಲ್ಲ. ಅದೂ ಕೆಂಪಾಯಿತು. ದಸ್ತಗೀರ ಸ್ಪೀಕರಿಗೆ ಹಾಕಿದ. ಡಂಬಳ ಸರ್ ಅಷ್ಟೇ ತೂಕದಿಂದ, ಕೆಮ್ಮಿ, ವಾಲ್ವೇ ಕಾರಣವೆಂದರು. ಅವರಿಗೆ ಯಾವ ಕಾರಣವಾದರೂ ನಡೆಯುತ್ತಿತ್ತು. ಕಾಣದ ಕಡೆ ಒಂದು ಕಾರಣ ಇಟ್ಟು ಪ್ಯಾರಾ ಮುಗಿಯಬೇಕು, ಅಷ್ಟೇ.

“ತಂಗಿ, ನಿನ್ನ ಕೊಳ್ಳಾಗ ಕೂತು ಸರ್ ನಿಮ್ಮ ಅಜ್ಜನ ಮ್ಯಾಲೆ ಕೇಸು ನಡಸಾಕತ್ಯಾರಲ್ಲ,” ಎಂದ ದಸ್ತಗೀರ ಮೆಲ್ಲಗೆ. ಅಜ್ಜನ ವಿಷಯ ಅವಳು ಅವನಿಗೊಬ್ಬನಿಗೆ ಹೇಳಿದ್ದಳು.

ಆ ವಾರವೆಲ್ಲ ಅವಳು ಪಟ್ಟಿಯಿಲ್ಲದಾಗಲೂ ಕೊರಳ ಮೇಲೆ ಎರಡು ಬೆರಳಿಟ್ಟುಕೊಂಡು ಓಡಾಡಿದಳು. ಸುಮ್ಮನೆ ಏನಾದರೂ ನಿರ್ಧಾರ ಮಾಡಿದರೂ, ಇವತ್ತು ಸಾರಿಗೆ ಬದನೆಕಾಯಿ ಸಾಕು ಎಂದುಕೊಂಡರೂ, ಬೆರಳ ಕೆಳಗೆ ಏನೋ ಮಿಸುಕುತ್ತಿತ್ತು. ತಾಯಿ ಕಂಡು “ಗಂಟಲು ನೋವೇನು?” ಎಂದಳು. “ಇಲ್ಲ, ಬ್ಯಾರೇಯವರು ಅದಾರ,” ಎಂದಳು ಸಿಂಚನಾ. ಕಾಳಮ್ಮ ಅರಿಸಿನ ಹಾಲು ಕಾಯಿಸಿ ಕೊಟ್ಟಳು.

ಮತ್ತೆ ಕೂತಾಗ ತೀರ್ಮಾನ ಬಿಟ್ಟು, ಸಾಕ್ಷಿಗಳ ಭಾಗಕ್ಕೆ ಒಂದು ಸಾಲು ಸೇರಿಸಿದಳು. ಯೋಚಿಸಿ ಬರೆದದ್ದಲ್ಲ, ತಾನಾಗಿ ಬಂತು. ‘ನೋಡದ ಮಾತನ್ನು ಆಡಬಾರದು.’ ಪರದೆಯ ಮೇಲೆ ಅದು ಹಸಿರೂ ಆಗಲಿಲ್ಲ, ಕೆಂಪೂ ಆಗಲಿಲ್ಲ. ಬೂದು.

“ಇದು ಯಾರಪಾ ಹೊಸಬರು?” ಎಂದು ದಸ್ತಗೀರ ಸ್ಪೀಕರಿಗೆ ಹಾಕಿದ.

ಗಂಡಸಿನ ದನಿ. ಡಂಬಳ ಸರ್ ಅಲ್ಲ. ಅವಸರವಿಲ್ಲದ, ಪ್ರತಿ ಪದದ ಕೊನೆಯನ್ನು ಎಳೆಯುವ ದನಿ. ದೊಡ್ಡ ಸದ್ದಿನ ನಡುವೆ ನಿಂತು ಮಾತಾಡಿ ಅಭ್ಯಾಸವಾದವರು ಎಳೆಯುವ ಹಾಗೆ. ಅವಳು ಬರೆದದ್ದು ಪುಸ್ತಕದ ಮಾತಿನಲ್ಲಿ, ಗಂಟಲು ಆಡಿದ್ದು ಮನೆಯ ಮಾತಿನಲ್ಲಿ: “ನೋಡಲಾರದ ಮಾತಾ... ಆಡಬ್ಯಾಡಾ...”

ದಸ್ತಗೀರ ಸ್ಪೀಕರ್ ಆರಿಸಿದ. ಕೋಣೆಯಲ್ಲಿ ಫ್ಯಾನ್ ತಿರುಗುತ್ತಿತ್ತು. “ಮನ್ಯಾಗ ಯಾರರೆ ಹಿಂಗ ಮಾತಾಡ್ತಾರೇನು?” ಎಂದ.

“ಅವ್ವ ಅಂತಾಳ್ರಿ ಈ ಮಾತು. ನಾ ಸಣ್ಣಾಕಿ ಇದ್ದಾಗಿಂದ, ಚಾಡಿ ಹೇಳಿದ್ರ ಸಾಕು, ಅಂತಿದ್ಲು. ಆದ್ರ ಅವ್ವನ ದನಿ ಹಿಂಗಿಲ್ಲ.”

ಬೂದು ದನಿಯನ್ನು ಗುರುತಿಸಲು ಬಲ್ಲವರು ದನಿಕೋಣೆಗೇ ಬಂದು ಕೇಳಬೇಕೆಂಬುದು ನಿಯಮ. ಕಾಳಮ್ಮ ಬಂದಳು. ಕೊರಳಲ್ಲಿ ಅಳತೆ ಪಟ್ಟಿ ಹಾಗೆಯೇ ನೇತಾಡುತ್ತಿತ್ತು, ತೆಗೆಯುವುದನ್ನು ಮರೆತಿದ್ದಳು. “ಇವರಿಗೂ ಒಂದು ಪಟ್ಟಿ ಕೊಟ್ಟಾರಲ್ಲ ಮೊದಲ,” ಎಂದು ದಸ್ತಗೀರ ಕುರ್ಚಿ ಎಳೆದುಕೊಟ್ಟ. ಅವಳಿಗೆ ಏನನ್ನೂ ಹೇಳಿರಲಿಲ್ಲ. ನೀಲಾಂಬಿಕಾ ಮೇಡಂ ಬಾಗಿಲ ಬಳಿ ನಿಂತಿದ್ದರು.

ಸ್ಪೀಕರಿನಿಂದ ದನಿ ಬಂತು.

ಕಾಳಮ್ಮ ಅಳಲಿಲ್ಲ, ಕೂಗಲಿಲ್ಲ. ಸ್ಪೀಕರಿನ ಜಾಲರಿಯ ಮೇಲೆ ಅಂಗೈ ಇಟ್ಟಳು, ಜ್ವರ ಬಂದವರ ಹಣೆ ಮುಟ್ಟುವಂತೆ. “ಇನ್ನೊಮ್ಮೆ ಹಾಕ್ರಿ,” ಎಂದಳು. ಹಾಕಿದರು. “ನಮ್ಮಪ್ಪ,” ಎಂದಳು.

“ಅಕ್ಕಾರ, ಅವರು ಹೋದಾಗ ಈಕಿ ಹುಟ್ಟಿದ್ದಿಲ್ಲ,” ಎಂದ ದಸ್ತಗೀರ.

“ನಾ ಹುಟ್ಟಿದ್ನಲ್ರಿ.”

ಅದು ಅಷ್ಟೇ ಸರಳ. ಒಂದು ಹುಡುಗಿ ಅಪ್ಪನಿಂದ ಒಂದು ಮಾತು ಕಲಿತಳು. ಅಪ್ಪನಂತೆಯೇ ಎಳೆದು ತನ್ನ ಮಗಳಿಗೆ ಹೇಳಿದಳು. ತಾನು ಎಳೆಯುತ್ತೇನೆಂಬುದು ಅವಳಿಗೇ ಗೊತ್ತಿರಲಿಲ್ಲ. ದನಿ ಒಂದು ಗಂಟಲಿನಿಂದ ಇನ್ನೊಂದಕ್ಕೆ ದಾಟಿತ್ತು. ಹೇಳಿದವನು ಸತ್ತದ್ದನ್ನು ದನಿಗೆ ಯಾರೂ ಹೇಳಿರಲಿಲ್ಲ. ಹೊರಡುವಾಗ ಕಾಳಮ್ಮ ಮಗಳ ಕೊರಳನ್ನು ನೋಡಿದಳು. ಆಮೇಲೆ ಕೆಲವು ದಿನ ಮನೆಯಲ್ಲಿ ಮಗಳು ಮಾತಾಡಿದಾಗಲೆಲ್ಲ ಅವಳ ಹೊಲಿಗೆ ಯಂತ್ರ ನಿಲ್ಲುತ್ತಿತ್ತು.

ಸಿಂಚನಾ ಆಕರದ ಜಾಗದಲ್ಲಿ ಬರೆದಳು: ಫಕ್ಕೀರಪ್ಪ ಕಮ್ಮಾರ, ಬಾಯ್ಲರ್ ನೋಡುತ್ತಿದ್ದವರು.

“ಇದು ನಡಿಯೂದಿಲ್ಲ,” ಎಂದರು ಮೇಡಂ. ಸಿಟ್ಟಿನಿಂದಲ್ಲ, ಪಾಠದ ದನಿಯಲ್ಲೇ. “ಆರೋಪ ಯಾರ ಮ್ಯಾಲೆ ಐತೋ ಅವರ ಮಾತನ್ನ ಅವರ ಪರವಾಗಿ ಸಾಕ್ಷಿ ಮಾಡಿದ್ರ ಅದು ಸಂಶೋಧನೆ ಹೆಂಗ ಆಗ್ತದ? ಅದರಾಗ ನೀ ಮೊಮ್ಮಗಳು.”

“ಸಾಕ್ಷಿ ಅಲ್ರಿ ಮೇಡಂ. ಅಂವ ತಾ ನಿದ್ದಿ ಮಾಡಿಲ್ಲ ಅಂದಿಲ್ಲ. ನೋಡದ ಮಾತು ಆಡಬ್ಯಾಡ್ರಿ ಅಂದಾನ, ಅಷ್ಟ. ವಿಷಯ ಕೊಟ್ಟ ದಿನ ನೀವೂ ಅದನ್ನ ಹೇಳಿದ್ರಿ. ಸಂಶೋಧನೆಯ ಮೊದಲ ಪಾಠ ಅಂತ.”

ಮೇಡಂ ಹಾಳೆ ತಿರುವಿ ಕೊನೆಗೆ ಬಂದರು. “ತೀರ್ಮಾನ ಎಲ್ಲಿ?”

“ಬರಿಲಿಲ್ರಿ. ಬರದ್ರ ಡಂಬಳ ಸರ್ ಬರ್ತಾರ.”

“ತೀರ್ಮಾನ ಇಲ್ಲಂದ್ರ ಫೇಲ್ ಆಗ್ತದ ಸಿಂಚನಾ. ನಾ ಮಾಡೂದಲ್ಲ ಅದು. ಯಂತ್ರ ಮಾಡ್ತದ.”

ಅವಳು ಪಟ್ಟಿ ಕಟ್ಟಿಕೊಂಡು ಮೇಡಂ ಎದುರಿನಲ್ಲೇ ಕೂತಳು. ಆದ್ದರಿಂದ ಎಂದು ಬರೆಯಲಿಲ್ಲ. ಪೆನ್ನನ್ನು ಬಹಳ ಹೊತ್ತು ಕಾಗದದ ಮೇಲೆ ಎತ್ತಿ ಹಿಡಿದಿದ್ದಳು. ಪರದೆಯ ಮೇಲೆ ಕೆಂಪು ಬಂದು, ಕಾದು, ಹೋಯಿತು. ಮತ್ತೆ ಬಂತು, ಕಾಯಿತು. ಬಾಗಿಲಲ್ಲಿ ನಿಂತ ಬಿಡದ ನೆಂಟನನ್ನು ಒಳಗೆ ಕರೆಯದೆ ಕೂತವಳಂತೆ ಅವಳು ಕೂತಿದ್ದಳು. ಆಮೇಲೆ ಬರೆದಳು:

‘ಫಕ್ಕೀರಪ್ಪ ನಿದ್ದೆ ಮಾಡಿದ್ದನೋ ಎದ್ದಿದ್ದನೋ ನಾನು ನೋಡಿಲ್ಲ. ನೋಡಿದವರು ಯಾರೂ ನನಗೆ ಸಿಗಲಿಲ್ಲ. ಅವನು ಸತ್ತ; ಇಷ್ಟು ನಿಜ.’

ಪರದೆಯ ಮೇಲೆ ಹಸಿರು. ಸ್ವಲ್ಪ ನಡುಗುವ, ಅಂಥ ಗಟ್ಟಿಯಲ್ಲದ ಹಸಿರು. ದಸ್ತಗೀರ ಸ್ಪೀಕರಿಗೆ ಹಾಕಿದಾಗ ಬಂದದ್ದು ನೆಗಡಿಯಾದ ಹುಡುಗಿಯೊಬ್ಬಳ ದನಿ. ತನ್ನ ದನಿ ಇಷ್ಟು ಸಣ್ಣದೇ ಎಂದು ಸಿಂಚನಾಳಿಗೆ ಬೇಸರವಾಯಿತು.

ಬರೆದವರಿಗೆ ಮಾತ್ರ ಪಟ್ಟಿ ಎಂದರೆ ಅನ್ಯಾಯವಾಗುತ್ತದೆಂದು, ಓದದೆ ಅಂಕ ಹಾಕುತ್ತಾರೆಂಬ ಹಳೇ ದೂರಿನ ನೆಪದಲ್ಲಿ, ಮೌಲ್ಯಮಾಪಕರೂ ಪಟ್ಟಿ ಕಟ್ಟಿಕೊಂಡೇ ಓದಬೇಕೆಂದು ವಿಶ್ವವಿದ್ಯಾಲಯ ವಿಧಿಸಿತ್ತು. ಓದುವಾಗಲೂ ಗಂಟಲು ಆಡುತ್ತದೆ. ಅಧ್ಯಾಪಕರ ಸಂಘ ಇದನ್ನು ವಿರೋಧಿಸಿ ಒಂದು ಮನವಿ ಸಲ್ಲಿಸಿ, ಆಮೇಲೆ ಪಟ್ಟಿ ಕಟ್ಟಿಕೊಂಡಿತ್ತು.

ಮುಂದಿನ ವಾರ ದಸ್ತಗೀರ ಸಿಂಚನಾಳನ್ನು ಕರೆಸಿದ. ಮೇಡಂ ಪಟ್ಟಿ ಕಟ್ಟಿಕೊಂಡು ಅವಳ ಪ್ರಬಂಧದ ಮುಂದೆ ಕೂತಿದ್ದರು. ಪರದೆಯ ಎಡಕ್ಕೆ ಸಿಂಚನಾ ಬರೆದದ್ದು, ಬಲಕ್ಕೆ ಮೇಡಂ ಗಂಟಲು ಓದಿದ್ದು. ಬಲಗಡೆ ಒಂದು ಸಾಲು ಹೆಚ್ಚಿತ್ತು.

“ಇಲ್ಲದ ಸಾಲು ಓದ್ಯಾರ,” ಎಂದ ದಸ್ತಗೀರ. “ಅದಕ್ಕ ಯಂತ್ರ ಅಂಕ ತಗೊಳ್ಳವಲ್ದು.”

“ಇಲ್ಲ, ಇದ್ದಷ್ಟ ಓದೀನಿ ನಾ,” ಎಂದರು ಮೇಡಂ. ಮತ್ತೆ ಓದಿದರು. ಕಣ್ಣು ಕೊನೆಯ ಸಾಲು ಮುಗಿಸಿ ಖಾಲಿ ಕಾಗದಕ್ಕೆ ಬಂತು. ತುಟಿ ಬಿಗಿಯಾಗಿ ಮುಚ್ಚಿತ್ತು. ಪರದೆಯ ಮೇಲೆ ಕೆಂಪು ಮೂಡಿತು: ಆದ್ದರಿಂದ ಬಾಯ್ಲರಿನವನ ನಿದ್ದೆಯೇ ದುರಂತಕ್ಕೆ ಕಾರಣ.

ಮತ್ತೆ ಓದಿದರು. ಮತ್ತೆ ಕೆಂಪು. ಎಷ್ಟೋ ವರ್ಷ ತಾವು ಬರೆದುಕೊಂಡು, ಅದಕ್ಕಿಂತ ಹೆಚ್ಚು ವರ್ಷ ತಾವು ಬರೆಸಿದ ಸಾಲು. ಕಾಗದದಲ್ಲಿ ಜಾಗ ಖಾಲಿ ಕಂಡರೆ ಸಾಕು, ಬಂದು ಕೂರುತ್ತಿತ್ತು. ಮೇಡಂ ಸೆರಗಿನಿಂದ ಹಣೆ ಒರೆಸಿಕೊಂಡರು. ಸಿಂಚನಾಳಿಗೆ ಅವರ ಮೇಲೆ ಕೋಪ ಬರಬೇಕಿತ್ತು, ಬರಲಿಲ್ಲ. ಪಕ್ಕದ ಸ್ಟೂಲ್ ಎಳೆದುಕೊಂಡು ಕೂತಳು.

ಮುಂದಿನ ಸಲವೂ ಕೆಂಪು ಸಾಲು ಬಂತು. ಅದು ಮುಗಿಯುವಷ್ಟರಲ್ಲಿ, ಅದರ ಬೆನ್ನಿಗೆ, ಮೇಡಂ ಗಂಟಲಿನಿಂದ ಇನ್ನೊಂದು ಸಾಲು ಬಂತು. ಯಾರೂ ಮುಟ್ಟದಿದ್ದರೂ ದಸ್ತಗೀರನ ಸ್ಪೀಕರ್ ತೆರೆದೇ ಇತ್ತು. “ನೋಡಲಾರದ ಮಾತಾ... ಆಡಬ್ಯಾಡಾ...”

ಕೆಮ್ಮು ಬರಲಿಲ್ಲ. ಸ್ಪೀಕರಿನಲ್ಲಿ ಬರೀ ಗಾಳಿಯ ಸದ್ದಿತ್ತು.

ನೀಲಾಂಬಿಕಾ ಮೇಡಂ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟರು, ಹಾವು ಇಟ್ಟಷ್ಟು ಜೋಪಾನವಾಗಿ. ಕೊರಳು ಉಜ್ಜಿಕೊಂಡರು. “ಇಬ್ಬರೂ ಇಲ್ಲೇ ಅದಾರ,” ಎಂದರು, ಯಾರಿಗೆ ಎಂದಿಲ್ಲದೆ. ಮತ್ತೆ ಪಟ್ಟಿ ಕಟ್ಟಿಕೊಂಡು ಓದಿದರು. ಈ ಸಲ ಎಡವೂ ಬಲವೂ ತಾಳೆಯಾದವು. ಯಂತ್ರ ಅಂಕ ಸ್ವೀಕರಿಸಿತು. ಸಿಂಚನಾ ತೇರ್ಗಡೆಯಾದಳು, ಬಹಳ ಒಳ್ಳೆಯ ಅಂಕವೇನಲ್ಲ, ತೀರ್ಮಾನ ದುರ್ಬಲ ಎಂದು ಷರಾ ಇತ್ತು.

ಮರುದಿನ ತರಗತಿಯಲ್ಲಿ ಮೇಡಂ ಹಾಜರಿ ಕರೆದ ಮೇಲೆ ಮೇಜು ಹಿಡಿದು ನಿಂತರು.

“ಬಾಯ್ಲರಿನ ಮಾದರಿ ಹೊಡೆದು ಹಾಕ್ರಿ ಎಲ್ಲಾರೂ. ಅದು ತಪ್ಪು,” ಎಂದರು. ಎಲ್ಲರೂ ಸ್ಕೇಲ್ ಇಟ್ಟು ನೇರವಾಗಿ ಹೊಡೆದು ಹಾಕಿದರು. “ಆತ ಯಾರಂದ್ರ ಫಕ್ಕೀರಪ್ಪ ಕಮ್ಮಾರ ಅಂತ. ಆತ ನಿದ್ದಿ ಮಾಡಿದ್ದು ಯಾರೂ ನೋಡಿಲ್ಲ. ಇನ್ನು ಮ್ಯಾಲೆ ಇಷ್ಟ ನೆನಪಿಡ್ರಿ. ನೋಡಲಾರದ ಮಾತಾ... ಆಡಬ್ಯಾಡ್ರೀ...”

ಮೇಡಂ ಎಂದೂ ಹೀಗೆ ಎಳೆದು ಮಾತಾಡಿದವರಲ್ಲ. ಸಿಂಚನಾ ತಲೆ ಎತ್ತಿದಳು. ಪಕ್ಕದ ಮಧುರಾ ತಲೆ ಬಗ್ಗಿಸಿ ಬರೆಯುತ್ತಿದ್ದಳು. ಈರಪ್ಪ ಬರೆಯುತ್ತಿದ್ದ. ತರಗತಿಯ ತುಂಬ ಪೆನ್ನುಗಳ ಸರಸರ.

“ಬರಕೋಬ್ಯಾಡ್ರಿ!” ಎಂದು ಮೇಡಂ ಕೂಗಿದರು. “ವಿಚಾರ ಮಾಡ್ರಿ!”

ಎಲ್ಲರೂ ಅದನ್ನೂ ಬರೆದುಕೊಂಡರು. ಹಿಂದಿನಿಂದ ಯಾರೋ ಕೇಳಿದರು: “ಮೇಡಂ, ವಿಚಾರ ಮಾಡ್ರಿ ಅನ್ನೋದು ಹೊಸಾ ಪ್ಯಾರಾ ಏನ್ರಿ?”

ಅಜ್ಜ ಗೆದ್ದ ಎಂದು ಸಿಂಚನಾ ಸಂತೋಷಪಡಬೇಕಿತ್ತು. ಪಟ್ಟಿಯಿಲ್ಲದ ಆ ಬರಿಗೊರಳುಗಳು ಬಗ್ಗಿ ಮೆಲ್ಲಗೆ ಮಿಸುಕುತ್ತಿದ್ದವು, ಒಂದೇ ಎಳೆತದಲ್ಲಿ, ಒಂದೇ ಉಸಿರಿನಲ್ಲಿ. ಇವರು ಅದನ್ನು ಮನೆಗೆ ಒಯ್ಯುತ್ತಾರೆ, ತಮ್ಮಂದಿರಿಗೆ ಹೇಳುತ್ತಾರೆ, ಮುಂದೆ ಮಕ್ಕಳಿಗೆ ಗದರುತ್ತಾರೆ. ಅವಳಿಗೆ ಕಂಡದ್ದು ಮುದುಕನೂ ಆಗದೆ ಸತ್ತ ಒಬ್ಬ ಮನುಷ್ಯ. ಊರೆಲ್ಲ ಮಲಗಿದ ಮೇಲೂ ಅವನು ಗಂಟಲಿನಿಂದ ಗಂಟಲಿಗೆ ಎದ್ದು ನಿಲ್ಲಬೇಕು. ಆ ನಸುಕಿನಲ್ಲಿ ಅವನು ಒಂದು ಗಳಿಗೆ ನಿದ್ದೆ ಮಾಡಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನಿಸಿತು. ಇನ್ನು ಮೇಲೆ ಅವನಿಗೆ ಅದು ಸಿಗುವುದಿಲ್ಲ.